ಸಂಘದ ಮೇಲೆ ಸದಸ್ಯರ ದಾವೆ: ಅಮೆರಿಕದ ವಿಮಾನಚಾಲಕರೂ ನ್ಯಾಯೋಚಿತ ಪ್ರಾತಿನಿಧ್ಯದ ಧರ್ಮವೂ

ಕಾರ್ಮಿಕ ಸಂಘವು ಧಣಿಯ ಎದುರಿನಲ್ಲಿ ದುಡಿಯುವವನ ಪಕ್ಷವಾಗಿ ನಿಲ್ಲತಕ್ಕ ಸಂಸ್ಥೆಯೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ಸಂಘವೇ ತಮ್ಮನ್ನು ಕೈಬಿಟ್ಟಿತೆಂದು, ಒಂದು ಪಂಗಡದ ಹಿತಕ್ಕಾಗಿ ಇನ್ನೊಂದು ಪಂಗಡವನ್ನು ಬಲಿಗೊಟ್ಟಿತೆಂದು, ಸದಸ್ಯರೇ ನ್ಯಾಯಾಲಯದ ಮೆಟ್ಟಿಲೇರಿದಲ್ಲಿ ಆ ವ್ಯಾಜ್ಯವನ್ನು ಯಾವ ಮಾನದಂಡದಿಂದ ಅಳೆಯಬೇಕು? ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯಾಯಾಲಯಗಳು ಈ ಪ್ರಶ್ನೆಯೊಡನೆ ಎಂಟು ದಶಕಗಳಿಂದ ಸೆಣಸುತ್ತ ಬಂದಿವೆ; ರೈಲ್ವೆಯ ಬೆಂಕಿಯಾಳುಗಳಿಂದ ಮೊದಲಾದ ಈ ವಿಚಾರಧಾರೆಯಲ್ಲಿ ವಿಮಾನಚಾಲಕರ ಪಾಲು ಅವರ ಸಂಖ್ಯೆಯನ್ನು ನೋಡಿದರೆ ಆಶ್ಚರ್ಯವೆನಿಸುವಷ್ಟು ದೊಡ್ಡದು.

ಅದಕ್ಕೆ ಕಾರಣವನ್ನು ಆ ವೃತ್ತಿಯ ಏರ್ಪಾಟಿನಲ್ಲಿಯೇ ಹುಡುಕಬೇಕು. ಅಲ್ಲಿನ ದೊಡ್ಡ ವಿಮಾನ ಕಂಪನಿಗಳಲ್ಲಿ ಪ್ರತಿಯೊಬ್ಬ ಪೈಲಟ್‌ಗೂ ಸೇವಾಜ್ಯೇಷ್ಠತೆಯ ಪಟ್ಟಿಯಲ್ಲಿ ಒಂದು ಅಂಕೆಯುಂಟು. ಮುಂದಿನ ತಿಂಗಳ ಹಾರಾಟದ ಸರದಿಗಳನ್ನು ಪ್ರಕಟಿಸಿ ಕಂಪನಿಯು ಅಪೇಕ್ಷೆಗಳನ್ನು ಆಹ್ವಾನಿಸಿದಾಗ ಪಟ್ಟಿಯ ತುದಿಯಲ್ಲಿರುವವನು ಮೊದಲು ಆರಿಸಿಕೊಳ್ಳುವನು; ಅವನು ಬಿಟ್ಟುದರಲ್ಲಿ ಎರಡನೆಯವನು, ಅವನು ಬಿಟ್ಟುದರಲ್ಲಿ ಮೂರನೆಯವನು. ಕ್ರಿಸ್‌ಮಸ್ಸಿನ ರಾತ್ರಿ ಮನೆಯಲ್ಲಿರುವವನಾರು, ಪರಸ್ಥಳದ ಹೋಟೆಲಿನಲ್ಲಿ ಮಲಗುವವನಾರು. ಕ್ಯಾಪ್ಟನ್ ಕೂರುವ ಎಡಗಡೆಯ ಆಸನ ಯಾರಿಗೆ ಯಾವ ವರ್ಷ ದೊರೆಯುವುದು. ವ್ಯಾಪಾರ ಕುಗ್ಗಿ ಕಂಪನಿಯು ಆಳುಗಳನ್ನು ತಾತ್ಕಾಲಿಕವಾಗಿ ಬಿಡಿಸುವಾಗ ಮೊದಲು ಹೊರಬೀಳುವವರಾರು – ಇವೆಲ್ಲವನ್ನೂ ಆ ಒಂದು ಅಂಕೆಯೇ ನಿರ್ಣಯಿಸುತ್ತದೆ. ಇಪ್ಪತ್ತು ವರ್ಷ ಹಾರಿದ ಅನುಭವಶಾಲಿಯೂ ಕಂಪನಿಯನ್ನು ಬದಲಾಯಿಸಿದೊಡನೆ ಹೊಸ ಪಟ್ಟಿಯ ಕಟ್ಟಕಡೆಯಲ್ಲಿ ನಿಲ್ಲಬೇಕು. ಆದಕಾರಣ ಎರಡು ಕಂಪನಿಗಳು ವಿಲೀನವಾಗಿ ಎರಡು ಪಟ್ಟಿಗಳನ್ನು ಒಂದಾಗಿ ಹೆಣೆಯಬೇಕಾಗಿ ಬಂದಾಗ, ಒಬ್ಬನು ಏರಿದ ಮೆಟ್ಟಿಲು ಮತ್ತೊಬ್ಬನು ಇಳಿದ ಮೆಟ್ಟಿಲೇ ಆಗಿರುತ್ತದೆ. ಇಬ್ಬರನ್ನೂ ತೃಪ್ತಿಪಡಿಸುವ ಪಟ್ಟಿಯೊಂದು ಇರಲಾರದು.

ಇನ್ನು ಶಾಸನದ ಮಾತು. 1926ರ ರೈಲ್ವೆ ಕಾರ್ಮಿಕ ಕಾಯಿದೆಯು 1936ರಲ್ಲಿ ವಿಮಾನ ಕಂಪನಿಗಳಿಗೂ ವಿಸ್ತರಿಸಲ್ಪಟ್ಟಿತು. ಒಂದು ಕಸುಬಿನವರಲ್ಲಿ ಬಹುಸಂಖ್ಯಾತರು ಆರಿಸಿದ ಸಂಘವೇ ಆ ಕಸುಬಿನ ಸಮಸ್ತರಿಗೂ, ಅಂದರೆ ಅದಕ್ಕೆ ಮತ ಕೊಡದವರಿಗೂ ಅದರ ಸದಸ್ಯರಲ್ಲದವರಿಗೂ ಸಹ, ಏಕಮಾತ್ರ ಪ್ರತಿನಿಧಿಯೆಂಬುದು ಆ ಕಾಯಿದೆಯ ತಿರುಳು. ಸಂಘವನ್ನು ಬಿಟ್ಟು ತನ್ನಷ್ಟಕ್ಕೆ ತಾನು ಕಂಪನಿಯೊಡನೆ ಬೇರೆ ಒಪ್ಪಂದ ಮಾಡಿಕೊಳ್ಳುವ ದಾರಿ ಯಾವ ಒಬ್ಬ ನೌಕರನಿಗೂ ಇಲ್ಲ. 1931ರಲ್ಲಿ ಡೇವಿಡ್ ಬೆಂಕೆಯ ನೇತೃತ್ವದಲ್ಲಿ ಸ್ಥಾಪಿತವಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್, ಎಂದರೆ ಆಲ್ಪಾ, ಈ ಅಧಿಕಾರದ ಬಲದಿಂದಲೇ ಪ್ರಬಲವಾಯಿತು. ಹೀಗೆ ಎಲ್ಲರ ಬಾಯಿಯೂ ತಾನೇ ಆದ ಸಂಸ್ಥೆಯು ಕೆಲವರ ಮಾತನ್ನು ಮಾತ್ರ ಆಡಿದರೇನು ಗತಿ ಎಂಬುದಕ್ಕೆ ಕಾಯಿದೆಯ ಅಕ್ಷರಗಳಲ್ಲಿ ಉತ್ತರವಿರಲಿಲ್ಲ.

ಉತ್ತರವು ದೊರೆತದ್ದು ವರ್ಣದ್ವೇಷದ ಒಂದು ಪ್ರಕರಣದಲ್ಲಿ. ದಕ್ಷಿಣದ ರೈಲ್ವೆಗಳಲ್ಲಿ ಎಂಜಿನ್ನಿನ ಬೆಂಕಿಯಾಳುಗಳ ಸಂಘವು ಕರಿಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೂ ಶಾಸನದ ಪ್ರಕಾರ ಅವರ ಪ್ರತಿನಿಧಿ ಅದೇ. ಈ ಸಂಘವು 1941ರಲ್ಲಿ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದದಂತೆ ಕರಿಯರ ಪ್ರಮಾಣವು ಅರ್ಧಕ್ಕಿಂತ ಹೆಚ್ಚಿರಕೂಡದು, ಆ ಮಟ್ಟಕ್ಕೆ ಇಳಿಯುವವರೆಗೆ ಖಾಲಿಯಾದ ಸ್ಥಾನಗಳೆಲ್ಲ ಬಿಳಿಯರಿಗೇ ಸಲ್ಲತಕ್ಕವು. ಅಲಬಾಮದ ಬೆಸ್ಟರ್ ವಿಲಿಯಮ್ ಸ್ಟೀಲನನ್ನೂ ಅವನ ಕರಿಯ ಸಂಗಡಿಗರನ್ನೂ ಪ್ರಯಾಣಿಕರ ಗಾಡಿಯ ಒಳ್ಳೆಯ ಸರದಿಯಿಂದ ಇಳಿಸಿ, ಸೇವೆಯಲ್ಲಿ ಅವರಿಗಿಂತ ಕಿರಿಯರಾದ ನಾಲ್ವರು ಬಿಳಿಯರನ್ನು ಹತ್ತಿಸಲಾಯಿತು. ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಎಂಬ ಪ್ರಖ್ಯಾತ ಕರಿಯ ನ್ಯಾಯವಾದಿಯು ಸ್ಟೀಲನ ಪರವಾಗಿ ವಾದಿಸಿದನು. 1944ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಹಾರ್ಲನ್ ಸ್ಟೋನ್ ತೀರ್ಪನ್ನಿತ್ತನು: ಶಾಸನಸಭೆಗೆ ಸದೃಶವಾದ ಅಧಿಕಾರವನ್ನು ಕಾಯಿದೆಯು ಸಂಘಕ್ಕೆ ಒಪ್ಪಿಸಿರುವಾಗ, ಆ ಅಧಿಕಾರದೊಡನೆಯೇ ಎಲ್ಲರನ್ನೂ ದ್ವೇಷವಿಲ್ಲದೆ, ನಿಷ್ಪಕ್ಷಪಾತವಾಗಿ ಪ್ರತಿನಿಧಿಸುವ ಕರ್ತವ್ಯವನ್ನೂ ಅದು ಹೊರಿಸಿದೆಯೆಂದೇ ತಿಳಿಯಬೇಕು. ಸಂಘವು ಕರಿಯರಿಗೆ ಸದಸ್ಯತ್ವ ಕೊಡಲೇಬೇಕೆಂದು ಮಾತ್ರ ಆ ತೀರ್ಪು ಹೇಳಲಿಲ್ಲ.

ಇಷ್ಟು ಸ್ಪಷ್ಟವಾದ ಅನ್ಯಾಯದಲ್ಲಿ ಜನಿಸಿದ ಕರ್ತವ್ಯವು ಮುಂದೆ ಅಸ್ಪಷ್ಟ ಪ್ರಸಂಗಗಳನ್ನು ಎದುರಿಸಬೇಕಾಯಿತು. 1953ರ ಹಫ್‌ಮನ್ ಮೊಕದ್ದಮೆಯಲ್ಲಿ, ಫೋರ್ಡ್ ಕಾರ್ಖಾನೆಗೆ ಸೇರುವ ಮುನ್ನ ಸೈನ್ಯದಲ್ಲಿ ಕಳೆದ ಕಾಲವನ್ನೂ ಸೇವೆಯೆಂದು ಎಣಿಸಲು ಸಂಘವು ಒಪ್ಪಿದ್ದು ಸರಿಯೆಂದು ನ್ಯಾಯಾಲಯವು ಎತ್ತಿಹಿಡಿದು, ಸಂಘಕ್ಕೆ ವಿವೇಚನೆಯ ವಿಶಾಲ ಆವರಣವೊಂದು ಇರಲೇಬೇಕೆಂದಿತು. 1964ರ ಹಂಫ್ರಿ ಮೊಕದ್ದಮೆಯು ವಿಮಾನಚಾಲಕರ ಮುಂದಿನ ವ್ಯಾಜ್ಯಗಳಿಗೆ ನೇರವಾದ ಪೂರ್ವಜ: ಕಾರುಗಳನ್ನು ಸಾಗಿಸುವ ಎರಡು ಲಾರಿ ಕಂಪನಿಗಳ ಪಟ್ಟಿಗಳನ್ನು ಒಂದೇ ಸಂಘವು ಹೆಣೆದಾಗ ಕೆಲಸ ಕಳೆದುಕೊಂಡವರು ದಾವೆ ಹೂಡಿದರು. ಪರಸ್ಪರ ವಿರುದ್ಧ ಹಿತಗಳುಳ್ಳ ಎರಡು ಪಂಗಡಗಳ ನಡುವೆ ಸಂಘವು ಪ್ರಾಮಾಣಿಕವಾಗಿ ಒಂದು ನಿಲುವನ್ನು ತಳೆದರೆ ಅದು ದ್ರೋಹವೆನಿಸದೆಂದು ಅಲ್ಲಿ ನಿರ್ಣಯವಾಯಿತು. 1967ರಲ್ಲಿ ವಾಕಾ ಮೊಕದ್ದಮೆಯು ಇಂದಿಗೂ ಉಲ್ಲೇಖಿಸಲ್ಪಡುವ ತ್ರಿವಿಧ ಲಕ್ಷಣವನ್ನು ಕೊಟ್ಟಿತು: ಸಂಘದ ನಡತೆಯು ಸ್ವೇಚ್ಛಾಚಾರದ್ದಾಗಿದ್ದರೆ, ತಾರತಮ್ಯದ್ದಾಗಿದ್ದರೆ, ಅಥವಾ ದುರ್ಬುದ್ಧಿಯಿಂದ ಕೂಡಿದ್ದರೆ ಮಾತ್ರ ಕರ್ತವ್ಯಭಂಗ. ತರುವಾಯ ಬಂದ ತೀರ್ಪುಗಳಲ್ಲಿ ಎರಡು ಬೇಲಿಗಳು ಎದ್ದವು. ಸಂಘದ ಮೇಲೆ ದಂಡರೂಪದ ಪರಿಹಾರವನ್ನು ವಿಧಿಸಕೂಡದೆಂದು 1979ರಲ್ಲಿಯೂ, ಇಂತಹ ದಾವೆಯನ್ನು ಆರು ತಿಂಗಳೊಳಗೆ ಹೂಡಬೇಕೆಂದು 1983ರಲ್ಲಿಯೂ ತೀರ್ಮಾನವಾಯಿತು.

ವಿಮಾನಚಾಲಕರ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು 1991ರ ಓನೀಲ್ ತೀರ್ಪು. ಕಾಂಟಿನೆಂಟಲ್ ಕಂಪನಿಯು 1983ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿಯನ್ನು ಹಾಕಿ, ಸಂಘದೊಡನೆ ಇದ್ದ ಒಪ್ಪಂದವನ್ನು ತಿರಸ್ಕರಿಸಿ, ಪೈಲಟ್‌ಗಳ ಸಂಬಳ ಸವಲತ್ತುಗಳನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಆಲ್ಪಾ ಹೂಡಿದ ಮುಷ್ಕರವು ಎರಡು ವರ್ಷಕ್ಕೂ ಮೀರಿ ನಡೆಯಿತು. 1985ರ ಆಗಸ್ಟ್ ವೇಳೆಗೆ ಕೆಲಸಕ್ಕೆ ಮರಳಿದ ಮತ್ತು ಹೊಸದಾಗಿ ಸೇರಿದ ಪೈಲಟ್‌ಗಳು ಸುಮಾರು 1,600. ಮುಷ್ಕರದಲ್ಲಿ ಉಳಿದವರು ಸುಮಾರು ಸಾವಿರ. ಆ ಸೆಪ್ಟೆಂಬರಿನಲ್ಲಿ ಕಂಪನಿಯು 441 ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್ ಸ್ಥಾನಗಳಿಗೆ ಅಪೇಕ್ಷೆಗಳನ್ನು ಕರೆಯಿತು. ಮುಷ್ಕರನಿರತರೂ ಅರ್ಜಿ ಹಾಕಿದೊಡನೆ, ಸ್ಥಾನಗಳೆಲ್ಲ ಕೆಲಸದಲ್ಲಿರುವವರಿಗೆ ಹಂಚಿಹೋಗಿವೆಯೆಂದು ಸಾರಿತು. ಕೊನೆಗಾದ ರಾಜಿಯಲ್ಲಿ ಮುಷ್ಕರಗಾರರ ಮುಂದೆ ಮೂರು ದಾರಿಗಳಿದ್ದವು. ಕಂಪನಿಯ ಮೇಲಿನ ಹಕ್ಕುಸಾಧನೆಗಳನ್ನೆಲ್ಲ ಬಿಟ್ಟುಕೊಟ್ಟು ಈ ಸ್ಥಾನಗಳ ಹಂಚಿಕೆಯಲ್ಲಿ ಪಾಲು ಪಡೆಯುವುದು ಮೊದಲನೆಯದು. ಸೇವೆಯ ವರ್ಷವೊಂದಕ್ಕೆ ಸಾಮಾನ್ಯವಾಗಿ 4,000 ಡಾಲರಿನಂತೆ ಪಡೆದು ಕೆಲಸ ಬಿಡುವುದು ಎರಡನೆಯದು. ದಾವೆಗಳನ್ನು ಉಳಿಸಿಕೊಂಡು, ಮೊದಲನೆಯ ದಾರಿ ಹಿಡಿದವರೆಲ್ಲ ಕೆಲಸಕ್ಕೆ ಸೇರಿದ ಮೇಲೆ ಸೇರುವುದು ಮೂರನೆಯದು. ಹಂಚಿಕೆಯಲ್ಲಿಯಾದರೂ ಕ್ಯಾಪ್ಟನ್ ಸ್ಥಾನಗಳಲ್ಲಿ ಮೊದಲ ನೂರು ಕೆಲಸದಲ್ಲಿದ್ದವರಿಗೆ, ಮುಂದಿನ ಎಪ್ಪತ್ತು ಮರಳಿ ಬಂದವರಿಗೆ, ಆಮೇಲೆ ಒಂದಕ್ಕೊಂದರಂತೆ.

ಸಂಘವು ಬೇಷರತ್ತಾಗಿ ಶರಣಾಗಿದ್ದರೂ ತಮಗೆ ಇದಕ್ಕಿಂತ ಲೇಸಾಗುತ್ತಿತ್ತೆಂಬುದು ಮುಷ್ಕರಗಾರರ ವಾದ. ಮೇಲ್ಮನವಿ ನ್ಯಾಯಾಲಯಕ್ಕೆ ಅದರಲ್ಲಿ ಹುರುಳಿದೆಯೆಂದು ತೋರಿತು. ಸರ್ವೋಚ್ಚ ನ್ಯಾಯಾಲಯವು ಮಾತ್ರ ಏಕಾಭಿಪ್ರಾಯದಿಂದ ಆಲ್ಪಾದ ಪರವಾಗಿ ತೀರ್ಪನ್ನಿತ್ತಿತು. ಪ್ರಾಮಾಣಿಕತೆಯೊಂದಿದ್ದರೆ ಸಾಕು, ಒಪ್ಪಂದದ ಗುಣದೋಷವನ್ನು ಯಾರೂ ಕೇಳಕೂಡದೆಂಬ ಸಂಘದ ವಾದವನ್ನು ನ್ಯಾಯಾಧೀಶ ಜಾನ್ ಪಾಲ್ ಸ್ಟೀವನ್ಸ್ ಒಪ್ಪಲಿಲ್ಲ. ಆದರೆ ಆ ಕಾಲದ ಸಂಗತಿಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಸಂಘದ ನಡತೆಯು ವಿವೇಚನೆಯ ವಿಶಾಲ ಆವರಣವನ್ನು ಸಂಪೂರ್ಣವಾಗಿ ದಾಟಿ, ಕೇವಲ ಯುಕ್ತಿಶೂನ್ಯವೆನಿಸುವಂತಿದ್ದರೆ ಮಾತ್ರ ಅದು ಸ್ವೇಚ್ಛಾಚಾರವೆಂದನು. ರಾಜಿಯು ಕೆಟ್ಟದ್ದೇ ಇರಬಹುದು. ವರ್ಷಗಟ್ಟಲೆಯ ವ್ಯಾಜ್ಯವನ್ನು ತಪ್ಪಿಸಿ ಕೆಲವರಿಗಾದರೂ ಕೂಡಲೇ ಕೆಲಸವನ್ನು ಕೊಡಿಸಿದ ಅದನ್ನು ಯುಕ್ತಿಶೂನ್ಯವೆನ್ನಲಾಗದು. ಈ ತೀರ್ಪಿನಿಂದ ಸಂಘಗಳ ಮೇಲೆ ಗೆಲ್ಲುವ ಹಾದಿ ಬಹಳ ಇಕ್ಕಟ್ಟಾಯಿತು.

ಇತ್ತ 1978ರಲ್ಲಿ ವಿಮಾನೋದ್ಯಮದ ಮೇಲಿನ ಸರಕಾರಿ ನಿಯಂತ್ರಣವು ಸಡಿಲಗೊಂಡಿತು. ಅದಕ್ಕೆ ಮುನ್ನ ಕಂಪನಿಗಳು ವಿಲೀನವಾಗುವಾಗ ಪಟ್ಟಿಗಳನ್ನು ನ್ಯಾಯವಾಗಿ ಹೆಣೆಯತಕ್ಕದ್ದು, ಒಮ್ಮತವಾಗದಿದ್ದರೆ ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದು ಎಂಬ ನಿಬಂಧನೆಗಳನ್ನು ಸರಕಾರದ ನಾಗರಿಕ ವಿಮಾನಯಾನ ಮಂಡಲಿಯು ವಿಧಿಸುತ್ತಿತ್ತು. 1972ರ ಅಲೆಘೇನಿ–ಮೊಹಾಕ್ ವಿಲೀನದಲ್ಲಿ ರೂಪುಗೊಂಡವು ಇವುಗಳಲ್ಲಿ ಮಾದರಿಯೆನಿಸಿದವು. ಆ ಆಶ್ರಯ ತಪ್ಪಿದ ಮೇಲೆ ಪೈಲಟ್‌ಗಳಿಗೆ ಉಳಿದದ್ದು ಸಂಘದ ಸ್ವಂತ ನಿಯಮಾವಳಿ ಮತ್ತು ಅದರ ಸದ್ಬುದ್ಧಿ. ಅಲಾಸ್ಕ ಏರ್‌ಲೈನ್ಸ್ ಜೆಟ್ ಅಮೆರಿಕವನ್ನು ಕೊಂಡಾಗ, ಕೊಳ್ಳಲ್ಪಟ್ಟ ಕಂಪನಿಯ ಪೈಲಟ್‌ಗಳು ಸಂಘಕ್ಕೆ ಸೇರಿದವರಲ್ಲವೆಂಬ ಕಾರಣದಿಂದ ಆಲ್ಪಾ ತನ್ನ ವಿಲೀನ ನಿಯಮವನ್ನು ಅವರಿಗೆ ಅನ್ವಯಿಸಲಿಲ್ಲ. ಇದು ಕರ್ತವ್ಯಭಂಗವೆಂದು ಮೇಲ್ಮನವಿ ನ್ಯಾಯಾಲಯವು 1989ರಲ್ಲಿ ಹೇಳಿತು.

ಟಿಡಬ್ಲ್ಯುಎ ಪೈಲಟ್‌ಗಳ ಕಥೆಯು ಇದಕ್ಕಿಂತ ಘೋರವಾದುದು. 2001ರಲ್ಲಿ ದಿವಾಳಿಯಾದ ಆ ಹಳೆಯ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡುಕೊಂಡಿತು. ಪಟ್ಟಿಯ ವಿಚಾರದಲ್ಲಿ ಮಧ್ಯಸ್ಥಿಕೆ ಕೇಳುವ ಹಕ್ಕು ಟಿಡಬ್ಲ್ಯುಎ ಪೈಲಟ್‌ಗಳ ಒಪ್ಪಂದದಲ್ಲಿಯೇ ಇದ್ದರೂ, ಅದನ್ನು ಬಿಟ್ಟುಕೊಡದಿದ್ದರೆ ವ್ಯವಹಾರವೇ ಮುರಿದುಬೀಳುವುದೆಂಬ ಒತ್ತಡದಲ್ಲಿ ಅವರ ಪ್ರತಿನಿಧಿಗಳು ಅದನ್ನು ತ್ಯಜಿಸಿದರು. ಪರಿಣಾಮವಾಗಿ ಸುಮಾರು 2,300 ಪೈಲಟ್‌ಗಳಲ್ಲಿ ಅರ್ಧದಷ್ಟು ಮಂದಿ, ವರ್ಷಗಳ ಸೇವೆಯಿದ್ದೂ, ಅಮೆರಿಕನ್ ಪಟ್ಟಿಯ ಕೆಳತುದಿಗೆ ಬಿದ್ದರು. ಸೆಪ್ಟೆಂಬರ್ 11ರ ದುರಂತದ ನಂತರ ಉದ್ಯಮವು ಕುಗ್ಗಿದಾಗ ಕೆಲಸದಿಂದ ಹೊರಬಿದ್ದವರಲ್ಲಿ ಅವರೇ ಬಹಳ. ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು 1963ರಲ್ಲಿಯೇ ಆಲ್ಪಾವನ್ನು ತೊರೆದು ಬೇರೆ ಸಂಘವನ್ನು ಕಟ್ಟಿಕೊಂಡಿದ್ದರು. ಹತ್ತು ಸಾವಿರಕ್ಕೂ ಮಿಕ್ಕ ಆ ದೊಡ್ಡ ಸಮುದಾಯವನ್ನು ಮರಳಿ ಒಲಿಸಿಕೊಳ್ಳುವ ಆಸೆಯಿಂದ ಆಲ್ಪಾ ತಮ್ಮ ಪರವಾಗಿ ಮನಸಾರೆ ಹೋರಾಡಲಿಲ್ಲವೆಂಬುದು ಟಿಡಬ್ಲ್ಯುಎ ಪೈಲಟ್‌ಗಳ ಆಪಾದನೆ. 2002ರಲ್ಲಿ ಹೂಡಿದ ದಾವೆಯಲ್ಲಿ ನ್ಯೂಜೆರ್ಸಿಯ ಜ್ಯೂರಿಯು 2011ರಲ್ಲಿ ಸಂಘದ್ದೇ ತಪ್ಪೆಂದು ಹೇಳಿತು. 2014ರಲ್ಲಿ 53 ದಶಲಕ್ಷ ಡಾಲರುಗಳಿಗೆ ರಾಜಿಯಾಯಿತು. ಹಣ ಬಂದಿತು, ಪಟ್ಟಿಯ ಅಂಕೆ ಬರಲಿಲ್ಲ.

ಈ ಪ್ರಕರಣವು ಶಾಸನಕರ್ತರನ್ನೂ ಎಚ್ಚರಿಸಿತು. ಟಿಡಬ್ಲ್ಯುಎಯ ನೆಲೆವೀಡಾಗಿದ್ದ ಸೇಂಟ್ ಲೂಯಿ ಪಟ್ಟಣವಿರುವ ಮಿಸ್ಸೂರಿ ಸಂಸ್ಥಾನದ ಆಗಿನ ಸೆನೆಟರುಗಳಾದ ಕ್ಲೇರ್ ಮೆಕ್ಯಾಸ್ಕಿಲ್ ಮತ್ತು ಕಿಟ್ ಬಾಂಡ್ ಅವರ ಹೆಸರಿನ ಕಾಯಿದೆಯು 2007ರ ಡಿಸೆಂಬರಿನಲ್ಲಿ ಅಲೆಘೇನಿ–ಮೊಹಾಕ್ ನಿಬಂಧನೆಗಳಿಗೆ ಮತ್ತೆ ಜೀವ ಕೊಟ್ಟಿತು. ಆದರೆ ಎರಡು ಕಂಪನಿಗಳಿಗೂ ಒಂದೇ ಸಂಘವಿದ್ದಲ್ಲಿ ಆ ಸಂಘದ ಒಳನಿಯಮವೇ ನಡೆಯತಕ್ಕದ್ದೆಂದು ಅದು ವಿನಾಯಿತಿಯನ್ನೂ ಇರಿಸಿತು.

ಅಂತಹ ಒಳನಿಯಮವೂ ಎಷ್ಟು ದುರ್ಬಲವೆಂಬುದನ್ನು ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಕಂಪನಿಗಳ 2005ರ ವಿಲೀನವು ತೋರಿಸಿಕೊಟ್ಟಿತು. ಎರಡೂ ಕಡೆಯ ಪೈಲಟ್‌ಗಳು ಆಲ್ಪಾ ಸದಸ್ಯರೇ. ಅದರ ನಿಯಮದಂತೆ ಮಧ್ಯಸ್ಥನಾದ ಜಾರ್ಜ್ ನಿಕೊಲೌ 2007ರ ಮೇ ತಿಂಗಳಲ್ಲಿ ಕೊಟ್ಟ ನಿರ್ಣಯದಲ್ಲಿ ಪೂರ್ವದ ಕಂಪನಿಯಾದ ಯುಎಸ್ ಏರ್‌ವೇಸ್‌ನ 517 ಹಿರಿಯರು ಪಟ್ಟಿಯ ನೆತ್ತಿಯ ಮೇಲೆ ಕುಳಿತರು. ತಾತ್ಕಾಲಿಕವಾಗಿ ಬಿಡಿಸಲ್ಪಟ್ಟಿದ್ದ ಆ ಕಂಪನಿಯವರು ಬುಡಕ್ಕೆ ಹೋದರು. ಮಧ್ಯದಲ್ಲಿ ಪೂರ್ವದವನೊಬ್ಬನು ಸುಮಾರು ಹದಿನಾರು ವರ್ಷಗಳ ಸೇವೆಯ ಬಳಿಕವೂ, ಕೆಲವೇ ತಿಂಗಳ ಹಿಂದೆ ಸೇರಿದ ಪಶ್ಚಿಮದವನ, ಅಂದರೆ ಅಮೆರಿಕ ವೆಸ್ಟಿನವನ, ಪಕ್ಕದಲ್ಲಿ ನಿಂತನು. ಮುಳುಗುತ್ತಿದ್ದ ಕಂಪನಿಯ ಸೇವಾವರ್ಷಕ್ಕೆ ಏನು ಬೆಲೆ ಎಂಬುದು ಒಂದು ನ್ಯಾಯ. ತಲೆ ನರೆಯುವವರೆಗೆ ಹಾರಿದವನಿಗೆ ಏನು ಮರ್ಯಾದೆ ಎಂಬುದು ಇನ್ನೊಂದು ನ್ಯಾಯ. ಸಂಖ್ಯೆಯಲ್ಲಿ ಇಮ್ಮಡಿಗೂ ಮಿಕ್ಕಿದ್ದ ಪೂರ್ವದವರು 2008ರಲ್ಲಿ ಆಲ್ಪಾವನ್ನೇ ಮತದಿಂದ ಹೊರದೂಡಿ, ಸೇರಿದ ದಿನಾಂಕವನ್ನೇ ಪ್ರಮಾಣವೆನ್ನುವ ಹೊಸ ಸಂಘವನ್ನು ತಂದರು. ಪಶ್ಚಿಮದವರು ದಾವೆ ಹೂಡಿದರು. ಫೀನಿಕ್ಸ್ ನಗರದ ಜ್ಯೂರಿ 2009ರಲ್ಲಿ ಅವರನ್ನು ಗೆಲ್ಲಿಸಿತು. ಹೊಸ ಒಪ್ಪಂದವೇ ಇನ್ನೂ ಆಗದಿರುವಾಗ ಹಾನಿಯ ಮಾತು ಅಕಾಲಿಕವೆಂದು ಮೇಲ್ಮನವಿ ನ್ಯಾಯಾಲಯವು 2010ರಲ್ಲಿ ಆ ಗೆಲುವನ್ನು ಕಸಿದುಕೊಂಡಿತು. ಅಮೆರಿಕನ್ ಏರ್‌ಲೈನ್ಸ್‌ನೊಡನೆ ಮತ್ತೊಂದು ವಿಲೀನ ಬಂದು, ನಿಕೊಲೌ ನಿರ್ಣಯವನ್ನು ಬದಿಗೊತ್ತುವ ಷರತ್ತನ್ನು ಹೊಸ ಸಂಘವು ಅದರ ಒಪ್ಪಂದದಲ್ಲಿ ಸೇರಿಸಿದ ಮೇಲೆಯೇ, 2015ರಲ್ಲಿ, ಅದೇ ನ್ಯಾಯಾಲಯವು ಕರ್ತವ್ಯಭಂಗವಾಯಿತೆಂದು ಘೋಷಿಸಿತು: ಬಹುಸಂಖ್ಯಾತರಿಗೆ ಅನುಕೂಲ ಮಾಡುವುದೊಂದನ್ನುಳಿದು ಬೇರೆ ಯಾವ ಸದುದ್ದೇಶವೂ ಅಲ್ಲಿ ಕಾಣಲಿಲ್ಲ. ಮುಂಚೆ ಬಂದರೆ ಅಕಾಲ, ಆರು ತಿಂಗಳು ಕಳೆದರೆ ಕಾಲಾತೀತ. ಇವೆರಡರ ನಡುವಣ ಕಿಂಡಿಯಲ್ಲಿ ಪಶ್ಚಿಮದವರು ಆರೇಳು ವರ್ಷ ಕಾದಿದ್ದರು.

ನಮ್ಮ ದೇಶದಲ್ಲಿ ಇದೇ ವೈಷಮ್ಯವು ಬೇರೆ ರೂಪವನ್ನು ತಾಳಿತು. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದರೂ ಎರಡು ಕಡೆಯ ಪೈಲಟ್‌ಗಳಿಗೆ ಎರಡು ಪ್ರತ್ಯೇಕ ಸಂಘಗಳೇ ಉಳಿದವು. ಬೋಯಿಂಗ್ 787 ವಿಮಾನದ ತರಬೇತಿ ಯಾರಿಗೆಂಬ ಅಸಮಾಧಾನವು 2012ರಲ್ಲಿ 58 ದಿನಗಳ ಮುಷ್ಕರವಾಗಿ ಸ್ಫೋಟಿಸಿತು. ಎಲ್ಲರ ಪರವಾಗಿಯೂ ಮಾತಾಡತಕ್ಕ ಏಕಮಾತ್ರ ಪ್ರತಿನಿಧಿ ಇಲ್ಲದಿದ್ದಲ್ಲಿ, ಅವನು ಮೋಸ ಮಾಡಿದನೆಂಬ ದಾವೆಗೂ ಎಡೆಯಿಲ್ಲ. ಶೇಕಡಾ 51ರ ಬೆಂಬಲವುಳ್ಳ ಸಂಘವನ್ನು ಏಕೈಕ ಮಾತುಕತೆಯ ಸಂಘವೆಂದು ಮಾನ್ಯಮಾಡುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಆಚರಣೆಯಲ್ಲಿ ಬೇರೂರಿದಂತೆ, ಉಳಿದ ಶೇಕಡಾ 49 ಮಂದಿಯ ಪ್ರಶ್ನೆಯು ಇಲ್ಲಿಯೂ ತಲೆಯೆತ್ತುವುದು ಸಹಜ.

ಈ ಇತಿಹಾಸವನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿಯು ಎದ್ದು ಕಾಣುತ್ತದೆ. ನ್ಯಾಯಾಲಯಗಳು ಸಂಘದ ಅಂತಃಕರಣವನ್ನು ಪರೀಕ್ಷಿಸುತ್ತವೆಯೇ ಹೊರತು ಅದು ಕುದುರಿಸಿದ ಒಪ್ಪಂದವನ್ನು ತಿದ್ದಿ ಬರೆಯುವುದಿಲ್ಲ. ಸ್ಟೀಲನ ಪ್ರಕರಣದಲ್ಲಿ ದ್ವೇಷವು ಒಪ್ಪಂದದ ಅಕ್ಷರಗಳಲ್ಲಿಯೇ ಇದ್ದಿತು. ಪೈಲಟ್‌ಗಳ ಪ್ರಕರಣಗಳಲ್ಲಿ ಅದನ್ನು ಉದ್ದೇಶಗಳೊಳಗೆ ಅಗೆದು ತೆಗೆಯಬೇಕಾಗಿದೆ, ಅದಕ್ಕೆ ದಶಕವೇ ಹಿಡಿಯುತ್ತದೆ. ನಿವೃತ್ತಿಯ ವಯಸ್ಸು 65 ಎಂದು ನಿಗದಿಯಾಗಿರುವ ಉದ್ಯೋಗದಲ್ಲಿ ಹತ್ತು ವರ್ಷಗಳ ಬಳಿಕ ದೊರೆಯುವ ಜಯವು ಬಹುಮಂದಿಗೆ ನಿಷ್ಪ್ರಯೋಜಕ. ಪಟ್ಟಿಯನ್ನು ಹೆಣೆಯುವುದಕ್ಕೆ ಮುನ್ನವೇ ಎರಡು ಪಂಗಡಗಳಿಗೂ ಪ್ರತ್ಯೇಕ ವಕೀಲರು, ನಿರ್ಲಿಪ್ತ ಮಧ್ಯಸ್ಥ, ಮತ್ತು ಆ ಮಧ್ಯಸ್ಥನ ನಿರ್ಣಯವನ್ನು ಬಹುಮತವು ಅಳಿಸಿಹಾಕದಂತೆ ತಡೆಯುವ ಶಾಸನ – ಈ ಮೂರೂ ಸಿದ್ಧವಾಗಿದ್ದರೆ ನ್ಯಾಯಾಲಯಕ್ಕೆ ಹೋಗುವ ಅಗತ್ಯವೇ ವಿರಳವಾದೀತು. ಕಾನೂನಿನ ಬೆಳವಣಿಗೆಯು ಮೆಲ್ಲಮೆಲ್ಲನೆ ಆ ಕಡೆಗೇ ಸಾಗಿದೆ.