ಮಲ್ಲೇಶ್ವರದ ಹಳೆಯ ಮನೆಗಳು

ಬೆಂಗಳೂರಿನ ಮಲ್ಲೇಶ್ವರವನ್ನು ನಮ್ಮ ಶ್ರೋತೃಗಳಲ್ಲಿ ಬಹುಮಂದಿ ಬಲ್ಲರು. ಆದರೆ ಅವರು ಬಲ್ಲುದು ಹೆಚ್ಚಾಗಿ ಸಂಪಿಗೆ ರಸ್ತೆಯ ಅಂಗಡಿಸಾಲುಗಳನ್ನು, ಎಂಟನೆಯ ಅಡ್ಡರಸ್ತೆಯ ಜನಸಂದಣಿಯನ್ನು. ಅಲ್ಲಿಂದ ಕೊಂಚ ಒಳಕ್ಕೆ ತಿರುಗಿದರೆ ಬೇರೊಂದು ಊರೇ ಉಂಟು. ಮರಗಳ ನೆರಳು, ತಗ್ಗಾದ ಪಾಗಾರ, ಅದರ ಹಿಂದೆ ಹೆಂಚಿನ ಮಾಡಿನ ಮನೆ. ಈ ಮೌನದ ಬೀದಿಗಳು ಹುಟ್ಟಿದ್ದು ಮಾತ್ರ ದೊಡ್ಡದೊಂದು ಭೀತಿಯಿಂದ.

ಬಡಾವಣೆಗಿಂತ ದೇವಾಲಯವು ಬಹಳ ಹಿಂದಿನದು. ಕಾಡು ಮಲ್ಲೇಶ್ವರನ ಗುಡಿಯ ಬಳಿ 1669ರ ಶಾಸನವೊಂದುಂಟು. ಶಿವಾಜಿಯ ಮಲತಮ್ಮನಾದ ವೆಂಕೋಜಿಯು ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದೇವರಿಗೆ ಬಿಟ್ಟುದನ್ನು ಅದು ಹೇಳುತ್ತದೆ. ಬೆಂಗಳೂರು ಆಗ ಬಿಜಾಪುರದವರು ಶಹಾಜಿಗೆ ಕೊಟ್ಟ ಜಹಗೀರಾಗಿದ್ದಿತು. ಆ ಹಳ್ಳಿಯ ಹೆಸರು ಇಂದು ಶಾಸನ ಓದುವವರಿಗಷ್ಟೇ ಗೊತ್ತು. ಕಾಡಂತೂ ದೇವರ ಹೆಸರಿನಲ್ಲಿ ಮಾತ್ರ ಉಳಿದಿದೆ.

1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಎರಡು ವರ್ಷಗಳ ಹಿಂದೆಯೇ ಅದು ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದಿತು. ಹಳೆಯ ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಕೆಳಗೆ ದವಸದ ಮಳಿಗೆ, ಮೇಲೆ ಸಂಸಾರ. ಇಲಿಗಳಿಗೆ ಇದಕ್ಕಿಂತ ಸುಖದ ಬಿಡಾರ ಬೇಡ. ಜನರು ಊರು ಬಿಟ್ಟು ಗುಡಿಸಲು ಸೇರಿದರು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲವದು. ಇಕ್ಕಟ್ಟಿನ ಪೇಟೆಯ ಹೊರಗೆ 1892ರಲ್ಲಿಯೇ ಚಾಮರಾಜಪೇಟೆಯನ್ನು ಹಾಕಿದ್ದರು. ಪ್ಲೇಗಿನ ಬಳಿಕ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬೆಳೆದುವು. ಎರಡೂ ತಮ್ಮ ನೆಲದಲ್ಲಿದ್ದ ಗುಡಿಗಳ ಹೆಸರನ್ನೇ ಪಡೆದುವು.

ಆ ಕಾಲದ ಅಧಿಕಾರಿಗಳಲ್ಲಿಯೂ ಜನರಲ್ಲಿಯೂ ಕೆಟ್ಟ ಗಾಳಿಯೇ ರೋಗದ ಮೂಲವೆಂಬ ಹಳೆಯ ನಂಬಿಕೆ ಇನ್ನೂ ಪ್ರಬಲವಾಗಿದ್ದಿತು. ಇಲಿಯ ಚಿಗಟವೇ ಪ್ಲೇಗನ್ನು ಹರಡುವುದೆಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ಕಂಡುಕೊಂಡನಾದರೂ, ವಿದ್ವಾಂಸರು ಅದನ್ನು ಒಪ್ಪಲು ಹಲವು ವರ್ಷಗಳೇ ಬೇಕಾದುವು. ಗಾಳಿಯನ್ನು ಕುರಿತ ಆ ಭ್ರಮೆಗೆ ನಾವು ಕೃತಜ್ಞರಾಗಿರಬೇಕೆಂದು ತೋರುತ್ತದೆ. ನೇರವಾದ ಅಗಲ ಬೀದಿಗಳೂ ಮನೆಯ ಸುತ್ತ ಬಿಟ್ಟ ಬಯಲೂ ದೊಡ್ಡ ಕಿಟಕಿಗಳೂ ಬಹುಮಟ್ಟಿಗೆ ಅದರ ಫಲವೇ ಸರಿ.

ಆ ಕಿಟಕಿಗಳನ್ನು ಕೊಂಚ ನಿಂತು ನೋಡಬೇಕು. ಕಿಟಕಿಯ ಮೇಲೆ ಟೊಪ್ಪಿಗೆಯಂತೆ ಮುಂದಕ್ಕೆ ಬಾಗಿದ ಚೂಪಾದ ಮಾಡು, ಅದರ ಅಂಚಿಗೆ ಇಳಿಬಿಟ್ಟ ಮರದ ಪಟ್ಟಿಗಳ ಸಾಲು. ಇದನ್ನು ಬೆಂಗಳೂರಿನವರು ‘ಮಂಕಿ ಟಾಪ್’ ಎಂದು ಕರೆಯುತ್ತಾರೆ. ದಂಡಿನ ಬಂಗಲೆಗಳಲ್ಲಿ ಮೆರೆದ ಈ ಅಲಂಕಾರವನ್ನು ನಮ್ಮ ಗುಮಾಸ್ತರೂ ವಕೀಲರೂ ಉಪಾಧ್ಯಾಯರೂ ತಮ್ಮ ಮನೆಗಳಿಗೆ ತಂದುಕೊಂಡರು. ಮೇಲೆ ಮಂಗಳೂರು ಹೆಂಚು, ಇಲ್ಲವೇ ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದ ಮದ್ರಾಸ್ ತಾರಸಿ. ಮುಂಭಾಗವನ್ನು ನೋಡಿದರೆ ದೊರೆಯ ಬಂಗಲೆ. ಒಳಕ್ಕೆ ಹೋದರೆ ನಡುಮನೆ, ದೇವರಮನೆ, ಹಿಂದೆ ಅಡುಗೆಮನೆ, ಹಿತ್ತಿಲಲ್ಲಿ ಬಾವಿ, ತುಳಸಿಕಟ್ಟೆ. ಒಂದೇ ಸೂರಿನಡಿ ಎರಡು ಮನೆಗಳು! ಯಜಮಾನರು ಕಚೇರಿಯ ಕೋಟನ್ನು ಮೊದಲನೆಯದರಲ್ಲಿ ಕಳಚಿ ಎರಡನೆಯದರಲ್ಲಿ ಮಡಿಯುಡುತ್ತಿದ್ದರು.

ಬೀದಿಗಳಲ್ಲಿ ಹಲವಕ್ಕೆ ಬರಿಯ ಅಂಕಿಗಳೇ ಹೆಸರು. ಕೆಲವಕ್ಕೆ ಮರಗಳ ಹೆಸರು. ಸಂಪಿಗೆ ರಸ್ತೆ ಸರಿಯೇ. ಅದರ ಪಕ್ಕದ ಮಾರ್ಗೋಸ ರಸ್ತೆಯು ನಮ್ಮ ಬೇವಿನದೇ. ಬೇವಿಗೆ ಪೋರ್ತುಗೀಸ್ ಮೂಲದ ಆ ಹೆಸರೇಕೆ ಬೇಕಾಯಿತೋ! ಹದಿನೈದನೆಯ ಅಡ್ಡರಸ್ತೆಯಲ್ಲಿ ‘ಪಂಚವಟಿ’ ಇದೆ. 1933ರಲ್ಲಿ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಸರ್ ಸಿ. ವಿ. ರಾಮನ್ ಅವರ ಮನೆಯದು.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯ ಮಾಡಿದಂತೆ. ಹೊಸ ಬಡಾವಣೆಗಳಲ್ಲಿ ನಿವೇಶನ ಹಂಚುವಾಗ ಜಾತಿಯ ಎಣಿಕೆಯೂ ಇದ್ದಿತು. ಪೇಟೆಯ ಕತ್ತಲನ್ನು ಬಿಟ್ಟುಬಂದವರು ಅದರ ಗಡಿಗೆರೆಗಳನ್ನು ಬಿಟ್ಟುಬರಲಿಲ್ಲ. ಮನೆಗಳ ಸಾಲುಗಳ ಬೆನ್ನಿಗೆ ಕಿರಿದಾದ ಓಣಿಗಳುಂಟು; ಕನ್ಸರ್ವೆನ್ಸಿ ಓಣಿಗಳೆಂದು ಹೆಸರು. ಹಿತ್ತಿಲ ಕೊನೆಯ ಕಕ್ಕಸಿನಿಂದ ಮಲವನ್ನು ತೆಗೆಯುವವರು ಮುಂದಿನ ಬೀದಿಗೆ ಕಾಣದಂತೆ ಇಲ್ಲಿ ಬಂದು ಇಲ್ಲಿಂದಲೇ ಹೋಗಬೇಕಾಗಿದ್ದಿತು. ಮುಂದೆ ಸಂಪಿಗೆಯ ಕಂಪು, ಹಿಂದೆ ತಲೆಯ ಮೇಲೆ ಬುಟ್ಟಿ. ಎರಡೂ ಒಂದೇ ನಕ್ಷೆಯಲ್ಲಿದ್ದುವು. ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ. ಗಾಳಿ ಬೆಳಕುಗಳಿಗೆ ಅಷ್ಟು ಅಳತೆ ಹಾಕಿದ ಜಾಣರಿಗೆ ಈ ಓಣಿಯ ಮನುಷ್ಯನು ಲೆಕ್ಕಕ್ಕೆ ಬಾರದೆಹೋದನೆಂಬುದು ನಮ್ಮನ್ನು ಕಾಡುತ್ತದೆ.

ಈಗ ಆ ಮನೆಗಳೇ ವಿರಳವಾಗುತ್ತಿವೆ. ಕಟ್ಟಿಸಿದವರ ಮೊಮ್ಮಕ್ಕಳು ನಾಲ್ಕಾರು ಮಂದಿ ಪಾಲುದಾರರು. ಮನೆಯನ್ನು ಭಾಗಮಾಡಲಾಗದು, ನೆಲದ ಹಣವನ್ನು ಭಾಗಮಾಡಬಹುದು. 2014ರಲ್ಲಿ ಸಂಪಿಗೆ ರಸ್ತೆಯ ದಕ್ಷಿಣ ತುದಿಗೆ ಮೆಟ್ರೋ ರೈಲು ಬಂದ ಮೇಲೆ ನೆಲದ ಆಸೆ ಕಡಿಮೆಯಾಗಿಲ್ಲ. ಅವರನ್ನು ಹಳಿಯುವುದು ಸುಲಭ. ಸೋರುವ ಮಾಡಿಗೆ ಹೆಂಚು ಹೊದಿಸುವ ಕೈಗಳನ್ನು ಹುಡುಕಿಕೊಡುವುದು ಕಷ್ಟ. ಮನೆ ಕೆಡವಿದಾಗ ತೇಗದ ತೊಲೆ, ಬಾಗಿಲು, ಕಿಟಕಿಗಳು ಹಳೆಯ ಮರದ ವ್ಯಾಪಾರಿಗಳ ಪಾಲಾಗುತ್ತವೆ. ಹಿಂದಿನ ಓಣಿಗಳಿಗೆ ವಾರಸುದಾರರಿಲ್ಲವಾದ್ದರಿಂದಲೋ ಏನೋ, ಅವು ಮಾತ್ರ ಇನ್ನೂ ಅನೇಕ ಕಡೆ ಹಾಗೆಯೇ ಉಳಿದಿವೆ. ಒಂದೆರಡರ ಗೋಡೆಗಳ ಮೇಲೆ ಈಚೆಗೆ ಚಿತ್ರಗಳನ್ನು ಬರೆದಿದ್ದಾರೆ.