ಸಾರ್ವಜನಿಕ ಸಂಘ: ನಿರ್ವಹಣಕ್ರಮ

ಲಾಭಾಪೇಕ್ಷೆಯಿಲ್ಲದೆ ಲೋಕಹಿತಕ್ಕಾಗಿ ಕೂಡಿದ ಜನರ ವ್ಯವಸ್ಥಿತ ಸಮುದಾಯ. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಅಧಿನಿಯಮದಂತೆ, ಏಳು ಮಂದಿಗೆ ಕಡಮೆಯಿಲ್ಲದ ಸದಸ್ಯರು ಸಹಿಮಾಡಿ ನೋಂದಾಯಿಸಿದ ಸಂಘವು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯನ್ನು ಕರೆದು, ಪರಿಶೋಧನೆಗೊಂಡ ಲೆಕ್ಕಪತ್ರವನ್ನು ಅದರ ಮುಂದಿಡತಕ್ಕದ್ದು. ಹತ್ತು ರೂಪಾಯಿಯ ವಂತಿಗೆಗೂ ರಶೀದಿ ಹರಿದುಕೊಟ್ಟು, ಅದರ ಪ್ರತಿಯನ್ನು ಪುಸ್ತಕದಲ್ಲುಳಿಸಿ, ಅಂದಿನ ಸಂಜೆಯೇ ಮೊಬಲಗನ್ನು ನಗದುಪುಸ್ತಕಕ್ಕೇರಿಸುವ ಕಾರ್ಯದರ್ಶಿಯಿಂದಲೇ ದಾನಿಗಳ ವಿಶ್ವಾಸವು ಬೆಳೆಯುವುದು. ಭವ್ಯವಾದ ಕಟ್ಟಡವೆದ್ದರೂ ಆ ವಿಶ್ವಾಸವಳಿದ ಸಂಘವು ಬಹುಕಾಲ ಬಾಳದು. ಹೀಗೆ ಲೋಕಹಿತಕ್ಕಾಗಿ ದುಡಿದ ಸಂಸ್ಥೆಗಳಲ್ಲಿ ಸ್ಮರಣಾರ್ಹವಾದುದು ಸಾಹಿತಿ ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆ. ಗ್ರಂಥಾಲಯ, ಉಪನ್ಯಾಸ, ಅಧ್ಯಯನಗೋಷ್ಠಿಗಳಿಂದ ಪೌರಪ್ರಜ್ಞೆಯನ್ನು ಪೋಷಿಸಿದ ಈ ಸಂಸ್ಥೆಗೆ, 1970ರಲ್ಲಿ ತಮಗೆ ಸಂದ ಗೌರವನಿಧಿಯನ್ನು ಅವರು ಸಂಪೂರ್ಣವಾಗಿ ಅರ್ಪಿಸಿದರು.