ಮಗ್ಗದ ಕಾರ್ಡು, ಫೋನಿನ ಮಾತು

2025ರ ಆಗಸ್ಟ್‌ನಲ್ಲಿ ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ 17ರ ತಯಾರಿಕೆ ಆರಂಭವಾಯಿತು. ಸುಮಾರು 300 ಎಕರೆ ಜಮೀನಿನಲ್ಲಿ ಎದ್ದ ಕಾರ್ಖಾನೆ ಅದು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಹೆಚ್ಚಿನವರ ಜೇಬಿನಲ್ಲಿರುವುದು ಆಂಡ್ರಾಯ್ಡ್ ಫೋನು. ಒಂದರಿಂದ ಇನ್ನೊಂದಕ್ಕೆ ಹೋಗುವುದೆಂದರೆ ಅಂಗಡಿಯಲ್ಲಿ ಹಣ ಕೊಟ್ಟು ಬರುವಷ್ಟು ಸುಲಭವೇ?

ಪಕ್ಕದ ದೊಡ್ಡಬಳ್ಳಾಪುರದ ನೇಕಾರರಿಗೆ ಈ ಪ್ರಶ್ನೆ ಹೊಸದಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತ 19ನೇ ಶತಮಾನದ ಆರಂಭದಲ್ಲಿ ರೂಪಿಸಿದ ಯಂತ್ರ, ರಟ್ಟಿನ ಕಾರ್ಡಿನ ತೂತುಗಳನ್ನು ಓದಿ ಸೀರೆಯ ಅಂಚು-ಸೆರಗಿನ ಚಿತ್ತಾರ ಎಬ್ಬಿಸುತ್ತದೆ. ಗಣಕಯಂತ್ರದ ಚರಿತ್ರೆ ಬರೆಯುವವರು ಇಲ್ಲಿಂದಲೇ ಶುರು ಮಾಡುವುದುಂಟು. ಒಂದು ಯಂತ್ರಕ್ಕಾಗಿ ಹೊಡೆಸಿದ ಕಾರ್ಡು ಕೊಕ್ಕೆಗಳ ಲೆಕ್ಕ ಬೇರೆಯಿರುವ ಇನ್ನೊಂದಕ್ಕೆ ಕೂಡುವುದಿಲ್ಲ. ಮಗ್ಗ ಬದಲಿಸಿದವನಿಗೆ ಮಗ್ಗದ ಬೆಲೆಯೊಂದೇ ಖರ್ಚಲ್ಲ, ಹಳೆಯ ಚಿತ್ತಾರಗಳೂ ಲೆಕ್ಕಕ್ಕೆ ಬರುತ್ತವೆ.

ಫೋನಿನಲ್ಲಿ ಮೊದಲು ನಾವಾಗಿ ಬದಲಾದದ್ದಕ್ಕಿಂತ ನಮ್ಮನ್ನು ಬದಲಿಸಿದ್ದೇ ಹೆಚ್ಚು. ಐಫೋನ್ ಭಾರತಕ್ಕೆ ಬಂದದ್ದು 2008ರ ಆಗಸ್ಟ್‌ನಲ್ಲಿ, ಮೊದಲ ಆಂಡ್ರಾಯ್ಡ್ ಫೋನ್ ಮರುವರ್ಷ. ಆಗ ನಮ್ಮೂರುಗಳಲ್ಲಿ ಫೋನ್ ಎಂದರೆ ನೋಕಿಯಾ. ಅದೇ ನೋಕಿಯಾ 2011ರ ಫೆಬ್ರವರಿಯಲ್ಲಿ ತನ್ನ ಸಿಂಬಿಯನ್ ಬಿಟ್ಟು ಮೈಕ್ರೋಸಾಫ್ಟ್‌ನ ವಿಂಡೋಸ್ ಹಿಡಿಯುವುದಾಗಿ ಸಾರಿತು. 2017ರಲ್ಲಿ ಸಿಂಬಿಯನ್‌ನಲ್ಲಿ, 2019ರ ಕೊನೆಗೆ ವಿಂಡೋಸ್ ಫೋನಿನಲ್ಲಿ ವಾಟ್ಸ್‌ಆ್ಯಪ್ ನಿಂತಿತು. ಕೈಯಲ್ಲಿದ್ದ ಫೋನು ಕೆಟ್ಟಿರಲಿಲ್ಲ. ಗಲ್ಫಿನಲ್ಲಿರುವ ಮಗನ ಸಂದೇಶ ಮಾತ್ರ ಅದಕ್ಕೆ ಬರದಾಯಿತು, ಅಷ್ಟೇ. ಬಡವನೊಬ್ಬ ಹೊಸ ಫೋನ್ ಕೊಂಡರೆ ‘ಶೋಕಿ’ ಎನ್ನುವವರು ಇದನ್ನು ಗಮನಿಸಿದಂತಿಲ್ಲ.

ಭಾಷೆಯ ಮಾತು ಇನ್ನೂ ದೊಡ್ಡದು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. 2012ರ 4.1 ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂಗಳಿಗೆ ಜಾಗ ಸಿಕ್ಕಿತು. ಐಫೋನಿನಲ್ಲಿ ಆಪಲ್‌ನದೇ ಕನ್ನಡ ಕೀಲಿಮಣೆ ಬರಲು 2017 ಬೇಕಾಯಿತು, ಐಓಎಸ್ 11ರಲ್ಲಿ. ಉರ್ದು ಓದುವವರ ಕಣ್ಣಿಗೆ ಒಗ್ಗಿದ ನಸ್ತಲೀಕ್ ಲಿಪಿ ಅಲ್ಲಿ ತಾನಾಗಿಯೇ ಮೂಡತೊಡಗಿದ್ದೂ ಅದೇ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಉರ್ದು ಬರುತ್ತಿತ್ತು, ಆದರೆ ಅರಬ್ಬಿಗೆ ಒಪ್ಪುವ ನಸ್ಖ್ ರೂಪದಲ್ಲಿ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ ಆಡುವ ನಮ್ಮಂಥವರಿಗೆ ದುಬಾರಿ ಫೋನು ಹೀಗೆ ಎರಡು ಭಾಷೆಗಳಲ್ಲಿ ಅರೆಮೂಕವಾಗಿತ್ತು. ಐಫೋನಿನ ಇಡೀ ವ್ಯವಸ್ಥೆಯನ್ನೇ ಕನ್ನಡದಲ್ಲಿಟ್ಟುಕೊಳ್ಳುವ ಸೌಲಭ್ಯ ಬಂದದ್ದಂತೂ 2025ರಲ್ಲಿ, 18.4 ಆವೃತ್ತಿಯೊಂದಿಗೆ. ಅಗ್ಗದ ಫೋನು ನಮ್ಮ ನುಡಿಯನ್ನು ಮೊದಲು ಕಲಿಯಿತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಅದು ಧರ್ಮಕಾರ್ಯವೇನಲ್ಲ. ನಮ್ಮಂಥ ಗಿರಾಕಿಗಳಿಲ್ಲದೆ ಅದಕ್ಕೆ ವ್ಯಾಪಾರವಿರಲಿಲ್ಲ.

ಇನ್ನು ಕಾರ್ಡಿನ ವಿಷಯ. ಆಂಡ್ರಾಯ್ಡ್‌ನಿಂದ ಬರುವವರಿಗಾಗಿ ಆಪಲ್ 2015ರಲ್ಲಿ ‘ಮೂವ್ ಟು ಐಓಎಸ್’ ಎಂಬ ಆ್ಯಪ್ ಹೊರತಂದಿತು. ಹೆಸರು-ನಂಬರು, ಫೋಟೋ ಎಲ್ಲ ದಾಟಿದವು, ವಾಟ್ಸ್‌ಆ್ಯಪ್ ಮಾತುಕತೆ ದಾಟಲಿಲ್ಲ. ಆಂಡ್ರಾಯ್ಡ್‌ನಲ್ಲಿ ಅದರ ನಕಲು ಗೂಗಲ್ ಡ್ರೈವ್‌ನಲ್ಲಿ ಉಳಿಯುತ್ತದೆ, ಐಫೋನಿನಲ್ಲಿ ಐಕ್ಲೌಡ್‌ನಲ್ಲಿ. ಒಂದರ ನಕಲನ್ನು ಇನ್ನೊಂದು ಓದದು. ಐಫೋನಿನಿಂದ ಸ್ಯಾಮ್‌ಸಂಗ್‌ಗೆ ದಾಟುವ ದಾರಿ 2021ರಲ್ಲಿ ತೆರೆಯಿತು, ಆಂಡ್ರಾಯ್ಡ್‌ನಿಂದ ಐಫೋನಿಗೆ 2022ರ ಜೂನ್‌ನಲ್ಲಿ. ಅದೂ ಹೊಸ ಐಫೋನ್ ಆಗಿರಬೇಕು, ಇಲ್ಲವೇ ಇದ್ದುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಫೋನು ಬದಲಾದದ್ದು 2021ರಲ್ಲಿ. ನಾನಿ ತೀರಿಕೊಳ್ಳುವ ಮುಂಚೆ ಕಳಿಸಿದ ಧ್ವನಿ ಸಂದೇಶಗಳು ಹಳೆಯ ಫೋನಿನಲ್ಲೇ ಉಳಿದವು: ಊಟ ಆಯಿತೇ ಎಂಬ ವಿಚಾರಣೆ, ಈದ್‌ಗೆ ಬರುವಾಗ ತರಬೇಕಾದ ಸಾಮಾನಿನ ಪಟ್ಟಿ, ನಡುವೆ ಕೆಮ್ಮು. ದಾರಿ ತೆರೆಯುವ ಹೊತ್ತಿಗೆ ಹೊಸ ಫೋನಿನಲ್ಲೂ ಒಂದು ವರ್ಷದ ಮಾತು ತುಂಬಿತ್ತು. ಒಂದನ್ನು ತರಲು ಇನ್ನೊಂದನ್ನು ಅಳಿಸಬೇಕು. ಹಳೆಯ ಫೋನು ಬೀರುವಿನಲ್ಲಿದೆ. ಬ್ಯಾಟರಿ ಉಬ್ಬುವ ಮುಂಚೆ ಆ ದನಿಗಳನ್ನು ಒಂದೊಂದಾಗಿ ಬೇರೆ ಕಡೆಗೆ ಕಳಿಸಿಕೊಳ್ಳುತ್ತಿದ್ದೇವೆ. ಇನ್ನೂ ಅರ್ಧ ಬಾಕಿ.